ಕಂಬವಿಲ್ಲದ ಮೂಲೆ

ನನ್ನ ಮಾವ ಯಾರ ಮನೆಗೆ ಹೋದರೂ ಮೊದಲು ಮೂಲೆ ನೋಡುತ್ತಾರೆ. ಅವರು ಮನೆ ಕಟ್ಟಿಸುವ ಗುತ್ತಿಗೆದಾರರು. ಎರಡು ಗೋಡೆ ನೇರವಾಗಿ ಕೂಡಿವೆಯೋ ಇಲ್ಲವೋ ಎಂದು ಇಟ್ಟು ನೋಡುವ ಕಬ್ಬಿಣದ ಮೂಲೆಮಟ್ಟ ಅವರ ಚೀಲದಲ್ಲಿ ಕನ್ನಡಕದ ಜೊತೆಗೆ ಯಾವಾಗಲೂ ಇರುತ್ತದೆ. ಕೆಲಸದವರು ಬೆನ್ನ ಹಿಂದೆ ಅವರನ್ನು ಕರೆಯುವುದೂ ಮೂಲೆಮಟ್ಟ ಎಂದೇ. ಮದುವೆಯ ಮಾತಿಗೆ ನಮ್ಮ ಮನೆಗೆ ಬಂದ ದಿನ, ನನ್ನ ಮುಖ ನೋಡುವ ಮೊದಲೇ ಕುರ್ಚಿ ಸರಿಸಿ ಅದನ್ನು ಗೋಡೆಯ ಸಂದಿಗೆ ಇಟ್ಟರು.

"ಬೀಗರೇ, ನಿಮ್ಮ ಮೂಲೆ ಬಾಯಿ ಬಿಟ್ಕೊಂಡಿದೆಯಲ್ರೀ."

"ಬಾಡಿಗೆ ಮನೆ," ಎಂದರು ನನ್ನ ಅಪ್ಪ, ತಾವೇ ತಪ್ಪು ಮಾಡಿದವರಂತೆ.

"ಹೋಗ್ಲಿ ಬಿಡಿ, ಹುಡುಗಿ ನೇರ ಇದ್ರೆ ಸಾಕು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರ ಹಿರಿಯ ಮಗ ನಗಲಿಲ್ಲ. ನಾವಿಬ್ಬರೂ ಒಂದೇ ಕಾಲೇಜಿನಲ್ಲಿ ವಾಸ್ತುಶಿಲ್ಪ ಓದಿದವರು, ಒಂದೇ ಬೆಂಚಿನವರು. ಅವನಿಗೆ ಮೂಲೆಮಟ್ಟ ಕಂಡರೆ ಯಾಕೆ ಮುಖ ಬಿಗಿಯುತ್ತದೆ ಎಂದು ನನಗೆ ಆಗಲೇ ಗೊತ್ತಿತ್ತು.

ಚಿಕ್ಕವನಿದ್ದಾಗ ತಪ್ಪು ಮಾಡಿದರೆ ಅವನಿಗೆ ಏಟು ಬೀಳುತ್ತಿರಲಿಲ್ಲ. ಮೂಲೆಯಲ್ಲಿ ನಿಲ್ಲಿಸುತ್ತಿದ್ದರು. ಅವರ ಹಳೆಯ ಮನೆಯ ಆ ಮೂಲೆಯಲ್ಲಿ ಕಂಬವೊಂದು ಅಂಗೈಯಷ್ಟು ಮುಂದೆ ಬಂದಿತ್ತು. ಮೂಗು ಅದಕ್ಕೆ ತಾಗಬೇಕು. ತಾಗಿದರೆ ಸುಣ್ಣ ಹತ್ತುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಿಂದ ಅತ್ತೆ, "ಮೂಗು ಬೆಳ್ಳಗಾಯ್ತೇನೋ?" ಎಂದು ಕೇಳುತ್ತಿದ್ದರು. ಬೆಳ್ಳಗಾಗಿದ್ದರೆ ಊಟ. ಇಲ್ಲದಿದ್ದರೆ ಇನ್ನಷ್ಟು ಹೊತ್ತು. ತಮ್ಮ ಬಂದು ಬೇಕೆಂದೇ ಅವನ ಮೂಗು ಒರೆಸಿ ಓಡಿಹೋಗುತ್ತಿದ್ದ.

"ಮೂಲೆಯಲ್ಲಿ ನಿಂತವನಿಗೆ ಹೊರಗೆ ಕಾಣ್ಬೇಕು," ಎಂದು ಅವನು ಕಾಲೇಜಿನಲ್ಲಿ ಹೇಳುತ್ತಿದ್ದ. ಪಾಠದ ಮಾತಿನಂತೆ ಹೇಳುತ್ತಿದ್ದ. ಉಳಿದವರು ಬರೆದುಕೊಳ್ಳುತ್ತಿದ್ದರು.

ಮಾವ ಈಗಿನ ಮನೆ ಕಟ್ಟಿಸುವಾಗ ಅವನಿಗೆ ಒಂದೇ ಒಂದು ಕೋಣೆ ಬಿಟ್ಟುಕೊಟ್ಟರು. ಮೇಲಿನದು, ಎರಡು ರಸ್ತೆ ಕೂಡುವ ಕಡೆ. "ನಿನ್ನ ಓದನ್ನೆಲ್ಲ ಅದರಲ್ಲಿ ತೋರ್ಸು, ಬೇರೆ ಎಲ್ಲೂ ಬೇಡ." ಅವನು ಆ ಮೂಲೆಯ ಕಂಬವನ್ನು ತೆಗೆದುಬಿಟ್ಟ. ಎರಡು ದೊಡ್ಡ ಗಾಜುಗಳು ಮೂಲೆಗೆ ಬಂದು ಕೂಡುತ್ತವೆ. ನಡುವೆ ಗಾಜು ಹಿಡಿಯಲು ಮರದ ಒಂದು ನಿಲುವು, ಅಷ್ಟೇ. ಚಾವಣಿ ಹಿಂದಿನ ತೊಲೆಗಳಿಂದ ಕೈ ಚಾಚಿದಂತೆ ಮುಂದಕ್ಕೆ ಬರುತ್ತದೆ.

"ಗಾಳಿ ಮೇಲೆ ನಿಲ್ಲಿಸ್ತೀಯೇನೋ ಚಾವಣೀನ?" ಎಂದು ಮಾವ ಕೇಳಿದ್ದರು.

"ಕೈ ಚಾಚಿದ್ರೆ ನಿಲ್ಲಲ್ವೇನಪ್ಪಾ? ಬೆರಳ ತುದಿಗೆ ಯಾರಾದ್ರೂ ಕೋಲು ಕೊಡ್ತಾರಾ?"

ಮಾವ ಜಗಳವಾಡಲಿಲ್ಲ. ಆಗ ನನಗೆ ಆಶ್ಚರ್ಯವಾಗಿತ್ತು.

ಕಾಂಕ್ರೀಟ್ ಹಾಕುವ ಮೊದಲು ಅವನು ಬಡಗಿಯ ಹತ್ತಿರ ಹಲಗೆಗಳನ್ನು ಮೂಲೆಯ ಕಡೆ ಒಂದು ಬೆರಳು ಎತ್ತರಿಸಿ ಕೂರಿಸಲು ಹೇಳಿದ. ಕೆಳಗಿನ ಆಸರೆ ತೆಗೆದ ಮೇಲೆ ತುದಿ ಸ್ವಲ್ಪ ಇಳಿಯುತ್ತದೆ, ಆಗ ಸಮ ಬರುತ್ತದೆ ಎಂಬ ಲೆಕ್ಕ. ಆದರೆ ಅಪ್ಪನ ಭಯಕ್ಕೆ ಕಬ್ಬಿಣವನ್ನು ಧಾರಾಳವಾಗಿ ಹಾಕಿದ್ದ. ತುದಿ ಇಳಿಯಲಿಲ್ಲ. ರಸ್ತೆಯಲ್ಲಿ ನಿಂತು ನೋಡಿದರೆ ಮನೆ ಮೂಗು ಮೇಲೆತ್ತಿದ ಹಾಗೆ ಕಾಣುತ್ತಿತ್ತು. "ಇರ್ಲಿ ಬಿಡು, ಜಂಬ ಇರ್ಲಿ ಅದಕ್ಕೆ," ಎಂದ.

ಮದುವೆಯಾಗಿ ಬಂದು ನಾವು ಮಂಚ ಹಾಕಿದ್ದು ಆ ಮೂಲೆಗೆ. ಮನೆಯವರ ಮುಂದೆ ಅವನು ನನಗೆ 'ಅವರು'. ಆ ಮೂಲೆಯಲ್ಲಿ 'ನೀನು'. ಬೆಳಿಗ್ಗೆ ಎದ್ದವನೇ ಮರದ ನಿಲುವಿಗೆ ಅಂಗೈ ಒತ್ತುತ್ತಿದ್ದ. "ನೋಡು, ಏನೂ ಹೊತ್ತಿಲ್ಲ ಇದು," ಎನ್ನುತ್ತಿದ್ದ. ಅವನು ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ಅವನ ನಕ್ಷೆಗಳಿಗೆ ಬೇರೆಯವರ ಹೆಸರು ಬೀಳುತ್ತಿತ್ತು. ಅವನದೆಂದು ಕಟ್ಟಿದ್ದು ಜಗತ್ತಿನಲ್ಲಿ ಅದೊಂದು ಮೂಲೆ.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಬಚ್ಚಲಲ್ಲಿ ಬಿದ್ದ. ತಲೆಯೊಳಗೆ ರಕ್ತನಾಳ ಒಡೆದಿತ್ತು. ಬ್ರಷ್ ಬಾಯಲ್ಲೇ ಇತ್ತು.

ಅದರ ಬಗ್ಗೆ ಬರೆಯಲು ನನ್ನಲ್ಲಿ ಇನ್ನೇನೂ ಇಲ್ಲ.

ವರ್ಷ ತುಂಬಿದ ಮೇಲೆ ಮೈದುನನ ಮದುವೆ ಗೊತ್ತಾಯಿತು. ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಅತ್ತೆ ಬಾಗಿಲಲ್ಲೇ ಹೇಳಿದರು.

"ಹೊಸಬರಿಗೆ ಬೆಳಕಿರೋ ಕೋಣೆ ಬೇಕಲ್ವೇನಮ್ಮಾ? ನೀನು ಕೆಳಗೆ ಹಿಂದಿನ ಕೋಣೆಗೆ ಬಂದ್ಬಿಡು."

ಹಿಂದಿನ ಕೋಣೆಯಲ್ಲಿ ಮಾವನ ಟೈಲ್ಸ್ ಪೆಟ್ಟಿಗೆಗಳಿದ್ದವು. ಕಿಟಕಿ ಇರಲಿಲ್ಲ.

"ಪೆಟ್ಟಿಗೆ?"

"ಅವು ಎಲ್ಲಿಗೆ ಹೋಗ್ತವೆ, ಪಾಪ. ಒಂದು ಪಕ್ಕಕ್ಕೆ ಒತ್ತಿಸ್ತೀನಿ. ನೀನೊಬ್ಬಳು, ಎಷ್ಟು ಜಾಗ ಬೇಕು ನಿನಗೆ?"

"ಬರ್ತೀನಿ ಅತ್ತೆ. ಆದ್ರೆ ಆ ಮೂಲೆ ಮುಟ್ಟಬೇಡಿ. ಅದು ಹೇಗಿದೆಯೋ ಹಾಗೇ ಇರ್ಲಿ."

"ಮೂಲೆನ ಯಾರು ತಿಂತಾರೆ ತಾಯಿ," ಎಂದು ಅತ್ತೆ ಒಳಗೆ ಹೋದರು. "ಮಂಚ ಅಲ್ಲೇ ಇರ್ಲಿ. ಹೊಸದು ಯಾಕೆ ಸುಮ್ನೆ?"

ಹುಡುಗಿಯ ಅಪ್ಪ ಕೋಣೆ ನೋಡಲು ಬಂದರು. ಬಟ್ಟೆ ಅಂಗಡಿಯವರು, ಏನು ಕಂಡರೂ ಎರಡು ಬೆರಳಲ್ಲಿ ಉಜ್ಜಿ ನೋಡುವ ಅಭ್ಯಾಸ. ಪರದೆ ಉಜ್ಜಿದರು, ನನ್ನ ಹೊದಿಕೆ ಉಜ್ಜಿದರು. ಮೂಲೆಗೆ ಬಂದವರು ತಲೆ ಎತ್ತಿ ನೋಡಿ ಹಿಂದೆ ಸರಿದರು.

"ಇಲ್ಲಿ ಕಂಬ ಎಲ್ಲಿ?"

"ಇಲ್ಲ," ಎಂದೆ. "ಅವರು ಹಾಗೇ ಮಾಡಿದ್ದು. ಚಾವಣಿ ಹಿಂದಿನ ತೊಲೆಗಳ ಮೇಲೆ ನಿಂತಿದೆ."

"ಮಾಡಿದವರು ಎಲ್ಲಿದ್ದಾರೆ? ಒಂದ್ಸಲ ಮಾತಾಡಿದ್ರೆ..."

ಅವರಿಗೆ ನೆನಪಾಗಿ ನಾಲಿಗೆ ಕಚ್ಚಿಕೊಂಡರು. ಆದರೆ ಕಣ್ಣು ಚಾವಣಿಯಿಂದ ಕೆಳಗಿಳಿಯಲಿಲ್ಲ.

"ತಪ್ಪು ತಿಳ್ಕೋಬೇಡಿ. ಹೆತ್ತ ಕರುಳು ನೋಡಿ. ಮಗಳು ಇದರ ಕೆಳಗೆ ಮಲಗ್ಬೇಕಲ್ಲ."

ಮಾವ ಗಹಗಹಿಸಿ ನಕ್ಕರು. ಅಷ್ಟು ಜೋರಾಗಿ ಅವರು ನಕ್ಕಿದ್ದನ್ನು ನಾನು ಆ ವರ್ಷವೆಲ್ಲ ಕೇಳಿರಲಿಲ್ಲ. ಜೇಬಿನಿಂದ ಬೀಗದಕೈ ತೆಗೆದು ಮರದ ನಿಲುವನ್ನು ಕುಟ್ಟಿದರು.

"ಬೀಗರೇ, ಮಗನ ಮಾತು ನಂಬಿ ಮನೆ ಕಟ್ಟೋ ಕುರಿ ನಾನಲ್ಲ. ಇದರ ಹೊಟ್ಟೇಲಿ ಕಬ್ಬಿಣದ ಪೈಪಿದೆ. ವೆಲ್ಡರ್ ಹತ್ರ ಗುಟ್ಟಾಗಿ ಮಾಡಿಸಿ, ಚೌಕಟ್ಟು ಮಾಡೋ ಕಾರ್ಖಾನೇಲೇ ಮರದೊಳಗೆ ಕೂರಿಸಿ ಕಳ್ಸಿದ್ದೆ. ಬಡಗಿಗೂ ಹೇಳಿಲ್ಲ. ಅವನು ಕಂಬ ಇಲ್ಲ ಕಂಬ ಇಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದ. ತಿರುಗ್ಲಿ ಅಂತ ಬಿಟ್ಟೆ."

"ಅಣ್ಣನಿಗೆ ಗೊತ್ತೇ ಇರ್ಲಿಲ್ವಾ?" ಮೈದುನ ನಗು ತಡೆಯಲಾಗದೆ ಮಂಚದ ಮೇಲೆ ಕೂತ. "ಅಪ್ಪಾ, ಕಾಲೇಜಿನ ಮೇಷ್ಟ್ರನ್ನೆಲ್ಲ ಕರ್ಕೊಂಡ್ಬಂದು ತೋರಿಸ್ತಿದ್ನಲ್ಲಪ್ಪಾ! ಅವರು ಫೋಟೋ ಬೇರೆ ತಗೊಂಡ್ರು!"

"ಖುಷಿಯಾಗಿರ್ಲಿ ಅಂತ ನಾನೂ ಸುಮ್ನಿದ್ದೆ," ಎಂದರು ಅತ್ತೆ.

"ನಿಮಗೂ ಗೊತ್ತಿತ್ತಾ ಅತ್ತೆ?"

"ಈ ಮನೇಲಿ ನನಗೆ ಗೊತ್ತಿಲ್ಲದ್ದು ಏನಿದೆ?"

ನಾನು ಟೀ ಲೋಟಗಳನ್ನು ಜೋಡಿಸಿಕೊಂಡು ಕೆಳಗೆ ಬಂದೆ. ತೊಳೆದೆ. ಅವನ ಅಂಗೈ ನೆನಪಾಯಿತು. ಪ್ರತಿ ಬೆಳಿಗ್ಗೆ ಅವನು ಅಪ್ಪನ ಕಂಬಕ್ಕೇ ಕೈ ಒತ್ತುತ್ತಿದ್ದ. ಹಳೆಯ ಮನೆಯ ಕಂಬ ಅವನ ಮೂಗನ್ನು ಬಿಟ್ಟಿತ್ತು, ಅವನನ್ನು ಬಿಟ್ಟಿರಲಿಲ್ಲ.

ಮಾತಿನಿಂದ ಬೀಗರ ಹೆದರಿಕೆ ಹೋಗಲಿಲ್ಲ. ಬಟ್ಟೆಯವರು, ಮುಟ್ಟದೆ ನಂಬುವುದಿಲ್ಲ. ಅವರು ಮದುವೆ ಕಾಗದ ಅಚ್ಚು ಹಾಕಿಸಿ ತಂದ ಭಾನುವಾರ ಮಾವ ಬಡಗಿಯನ್ನು ಕರೆಸಿದರು. ಗಾಜಿನ ಈ ಚೌಕಟ್ಟು ಕೂರಿಸಿದ್ದ ಅದೇ ಬಡಗಿ. ಮರ ಬಿಚ್ಚಿಸಿ ಪೈಪ್ ತೋರಿಸುವುದು, ಆಮೇಲೆ ಮತ್ತೆ ಮುಚ್ಚುವುದು ಎಂದು ಮಾತಾಗಿತ್ತು. ಎಲ್ಲರೂ ಮೇಲೆ ಹೋದರು. ನಾನೂ ಹೋದೆ.

ಬಡಗಿ ನಿಲುವಿನ ಎದುರಿನ ಹಲಗೆ ಎಬ್ಬಿಸಿದ. ಒಳಗೆ ಕೆಂಪು ಬಣ್ಣ ಬಳಿದ ಪೈಪ್ ಕಂಡಿತು.

"ಅದಕ್ಕೇನಾ ಅವತ್ತು ಅಷ್ಟು ಭಾರ ಇದ್ದಿದ್ದು! ಹೆಣ ಹೊತ್ತ ಹಾಗೆ ಹೊತ್ಕೊಂಡು..." ನನ್ನನ್ನು ನೋಡಿ ಸುಮ್ಮನಾದ.

"ಮುಟ್ಟಿ ನೋಡಿ ಬೀಗರೇ," ಎಂದರು ಮಾವ.

ಬೀಗರು ಎರಡು ಬೆರಳಲ್ಲಿ ಪೈಪನ್ನು ಉಜ್ಜಿದರು. ಮುಖ ಅರಳಿತು. ಬಡಗಿ ಸ್ಟೂಲು ಹತ್ತಿ ಮೇಲಿನ ತೆಳು ಪಟ್ಟಿ ಎಬ್ಬಿಸಿದ. ಪಟ್ಟಿಯ ಅಂಚಿಗೆ ಮೆತ್ತಿದ್ದ ಪುಟ್ಟಿ ಪುಡಿಯಾಗಿ ಎಲ್ಲರ ತಲೆ ಮೇಲೆ ಉದುರಿತು. ಅವನು ಇಣುಕಿ ನೋಡಿದ, ಬೆರಳು ತೂರಿಸಿದ, ತೆಗೆದ.

"ಯಜಮಾನ್ರೇ, ಇದು ಮೇಲಕ್ಕೆ ತಾಗಿಲ್ಲ."

"ಏನು ತಾಗಿಲ್ಲ?"

"ಪೈಪು. ಅವತ್ತು ಚೌಕಟ್ಟು ಒಂದು ಬೆರಳು ಗಿಡ್ಡ ಆಗಿತ್ತು. ಅವರೇ ಚಾವಣಿ ತುದಿ ಎತ್ತಿಸಿದ್ರಲ್ಲ, ನಿಮ್ಮ ದೊಡ್ಡ ಮಗ. ನೀವು ನಕ್ಷೆ ಅಳತೆಗೆ ಮಾಡಿಸಿ ಕಳ್ಸಿದ್ರಿ. ಸಂದು ಉಳೀತು. ಎಲ್ಲಾ ಕಡೆ ಮಾಡೋ ಹಾಗೆ ಪಟ್ಟಿ ಹೊಡ್ದು ಪುಟ್ಟಿ ಮೆತ್ದೆ. ಒಳಗೆ ಪೈಪಿದೆ, ತಾಗ್ಲೇಬೇಕು ಅಂತ ಒಂದ್ ಮಾತು ಹೇಳಿದ್ರೆ..."

"ಇಳಿದಿರುತ್ತೆ. ಪೈಪ್ ಕೆಳಗೆ ಇಳಿದಿರುತ್ತೆ," ಎಂದರು ಮಾವ.

ಆಗ ನಾನು ಬೀಗರ ಕೈಯಿಂದ ಮದುವೆ ಕಾಗದ ತೆಗೆದುಕೊಂಡೆ. ದಪ್ಪ ರಟ್ಟು, ಹೊನ್ನಿನ ಬಣ್ಣದ ಅಕ್ಷರ. ಬಡಗಿಯನ್ನು ಇಳಿಸಿ ಸ್ಟೂಲು ಹತ್ತಿದೆ. ಪೈಪಿನ ತಲೆಗೂ ಚಾವಣಿಗೂ ನಡುವೆ ಕಾಗದವನ್ನು ತೂರಿಸಿದೆ. ಈ ಕಡೆಯಿಂದ ಹೋಗಿ ಆ ಕಡೆ ಬಂತು. ಮತ್ತೆ ಎಳೆದೆ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಇನ್ನೊಮ್ಮೆ ಮಾಡಿದೆ, ಮಾವ ನೋಡಲಿ ಎಂದು.

"ಇದು ಏನನ್ನೂ ಹೊತ್ತಿಲ್ಲ ಮಾವ," ಎಂದೆ. "ಚಾವಣಿ ನಿಂತಿದ್ದು ಅವರ ಲೆಕ್ಕದ ಮೇಲೆ. ನಿಮ್ಮ ಪೈಪು ಕೆಳಗೆ ಸುಮ್ನೆ ನಿಂತ್ಕೊಂಡಿತ್ತು, ಮೂಲೆಯಲ್ಲಿ ನಿಲ್ಲಿಸಿದ ಹುಡುಗನ ಹಾಗೆ. ಬನ್ನಿ, ನಿಮ್ಮ ಮೂಗು ತಾಗುತ್ತಾ ನೋಡೋಣ."

ಮಾವ ಮೂಲೆಮಟ್ಟ ಇರುವ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡರು. ಕೂದಲ ಮೇಲೆ ಪುಟ್ಟಿಯ ಬಿಳಿ ಪುಡಿ ಇತ್ತು. ನನಗೆ ಕನಿಕರ ಹುಟ್ಟಲಿಲ್ಲ. ಇನ್ನೂ ಸ್ವಲ್ಪ ಹೊತ್ತು ನೋಡಬೇಕೆನಿಸಿತು. ನೋಡಿದೆ.

ಅಷ್ಟರಲ್ಲಿ ಬೀಗರು ಬಾಗಿಲ ಹತ್ತಿರ ಹೋಗಿ ನಿಂತಿದ್ದರು.

"ಅಂದ್ರೆ ಇಷ್ಟು ವರ್ಷ ಇದು ಏನೂ ಇಲ್ದೆ ನಿಂತಿದೆಯಾ?"

"ಏನೂ ಇಲ್ದೆ ಅಲ್ಲ. ಹಿಂದಿನ ತೊಲೆ..."

"ನೀವೇ ಅಂದ್ರಲ್ಲಮ್ಮ ಈಗ, ಏನೂ ಹೊತ್ತಿಲ್ಲ ಅಂತ. ನನ್ನ ಕಾಗದ ಹಾಕಿ ಎಳೆದು ತೋರಿಸಿದ್ರಲ್ಲ!"

ನಾನು ಲೆಕ್ಕ ಹೇಳಿದೆ. ತೊಲೆ, ಕಬ್ಬಿಣ, ಚಾಚಿದ ಕೈ, ಎಲ್ಲ ಹೇಳಿದೆ. ಅವರಿಗೆ ಕೇಳಿಸಿದ್ದು ಆ ಸಂದು ಮಾತ್ರ. ಪೈಪ್ ಇದೆ ಎಂಬ ಧೈರ್ಯದಲ್ಲಿ ಅವರು ಒಪ್ಪಿಕೊಂಡಿದ್ದರು. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಬಡಗಿ ಮತ್ತೆ ಪಟ್ಟಿ ಹೊಡೆಯುತ್ತಿದ್ದ, ಮೂಲೆ ಉಳಿಯುತ್ತಿತ್ತು.

"ಇಲ್ಲಿ ಕಂಬ ಏಳೋವರೆಗೂ ಕಾಗದ ಹಂಚೋದು ಬೇಡ," ಎಂದು ಬೀಗರು ಕಾಗದದ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡರು.

ಮಾವನಿಗೆ ಜೀವ ಬಂತು. "ನಾಳೆನೇ," ಎಂದರು. "ನಾನೇ ಕಟ್ತೀನಿ."

ಮಾರನೇ ದಿನ ನಾನು ರಜೆ ಹಾಕಿದೆ. ಗಾಜಿನ ಒಳಗಡೆ, ಮೂಲೆಗೆ ಸರಿಯಾಗಿ ಮಾವ ಇಟ್ಟಿಗೆ ಇಡತೊಡಗಿದರು. ಮೇಸ್ತ್ರಿ ಗಾರೆ ಕಲಸಿ ಕೊಡುತ್ತಿದ್ದ. ಪ್ರತಿ ವರಸೆಗೂ ಮೂಲೆಮಟ್ಟ ಇಟ್ಟು ನೋಡಿದರು. ಕೆಲಸ ಚೊಕ್ಕವಾಗಿತ್ತು, ಅದನ್ನು ಒಪ್ಪಬೇಕು. ಮೊದಲು ಕೆಳಗಿನ ರಸ್ತೆ ಮರೆಯಾಯಿತು. ಆಮೇಲೆ ಎದುರಿನ ಅಂಗಡಿಗಳ ಬಾಗಿಲು, ಆಮೇಲೆ ಅವುಗಳ ಫಲಕ. ಮಧ್ಯಾಹ್ನದ ಹೊತ್ತಿಗೆ ಮೂಲೆಯಲ್ಲಿ ಆಕಾಶ ಒಂದು ಇಟ್ಟಿಗೆಯಷ್ಟು ಉಳಿದಿತ್ತು.

"ಮೇಲೆ ಒಂದು ಬೆರಳು ಸಂದು ಬಿಡಿ ಮಾವ," ಎಂದೆ. "ಕಂಬ ಚಾವಣಿಗೆ ತಾಗಬಾರ್ದು."

"ಯಾಕೆ?"

"ಚಾಚಿದ ಚಾವಣಿಗೆ ಕಬ್ಬಿಣ ಮೇಲ್ಗಡೆ ಹಾಕಿರ್ತಾರೆ. ಅಡೀಲಿ ಇಲ್ಲ. ತುದಿನ ಕೆಳಗಿಂದ ಎತ್ತಿದ್ರೆ ಅಡಿ ಸೀಳುತ್ತೆ. ಬಿರುಕು ಬೀಳುತ್ತೆ."

"ಕೇಳ್ದೇನಯ್ಯಾ ಮೇಸ್ತ್ರಿ? ಕಂಬ ಕೊಟ್ರೆ ಮನೆ ಒಡೆಯುತ್ತಂತೆ." ಮಾವ ಬಾಣಲಿಯಿಂದ ಕಬ್ಬಿಣದ ಬೆಣೆಗಳನ್ನು ಆರಿಸಿಕೊಂಡರು. "ತಾಗದೆ ಇರೋ ಕಂಬ ಯಾಕಮ್ಮಾ? ಗಂಡ ಇಲ್ಲದ ಹೆಂಗಸಿನ ಹಾಗೆ. ಇದ್ದೂ ಏನು ಉಪಯೋಗ?"

ಮೇಸ್ತ್ರಿ ತಲೆ ತಗ್ಗಿಸಿ ಗಾರೆ ಕಲಸಿದ.

ಮಾವ ದೊಡ್ಡ ಸುತ್ತಿಗೆ ತೆಗೆದುಕೊಂಡು ಬೆಣೆಗಳನ್ನು ಹೊಡೆದರು. ಮೊದಲ ಏಟುಗಳು ಮಂಕಾಗಿ ಕೇಳಿಸಿದವು. ಆಮೇಲೆ ಸದ್ದು ಗಟ್ಟಿಯಾಯಿತು. ತಾಗಿತು ಎಂದು ನನಗೂ ತಿಳಿಯಿತು, ಅವರಿಗೂ ತಿಳಿಯಿತು. ಆದರೂ ನಿಲ್ಲಿಸಲಿಲ್ಲ. ನನ್ನ ಮುಖ ನೋಡಿಕೊಂಡೇ ಹೊಡೆದರು.

ಗಿಲಾವು ಒಣಗಿ ಸುಣ್ಣ ಹೊಡೆದ ದಿನ ಮೈದುನ ಹೋಗಿ ಹೊಸ ಕಂಬಕ್ಕೆ ಮೂಗು ಒತ್ತಿ ಬಂದ. "ಅಮ್ಮಾ, ಬೆಳ್ಳಗಾಯ್ತಾ ನೋಡು!"

"ಆಯ್ತು ಬಾರೋ, ಊಟಕ್ಕೆ ಬಾ," ಎಂದು ಅತ್ತೆ ಬಿದ್ದು ಬಿದ್ದು ನಕ್ಕರು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಗುವಿಗೋ ಏನೋ, ನಾನು ವಿಚಾರಿಸಲಿಲ್ಲ.

ಮದುವೆಯಾಯಿತು. ನಾನು ಟೈಲ್ಸ್ ಪೆಟ್ಟಿಗೆಗಳ ಪಕ್ಕಕ್ಕೆ ಬಂದೆ. ಸ್ವಲ್ಪ ದಿನಕ್ಕೆ ಮೇಲಿನ ಕೋಣೆಯ ಚಾವಣಿಯಲ್ಲಿ, ತೊಲೆಯ ಹತ್ತಿರ ಬಿರುಕು ಕಾಣಿಸಿತು. ಕೂದಲೆಳೆಯಷ್ಟು. ಚಾವಣಿಯ ಅಡಿಯಲ್ಲಿ, ನಾನು ಹೇಳಿದ ಹಾಗೇ.

ಮಾವ ನನ್ನನ್ನು ಕರೆಯುತ್ತಾರೆ ಎಂದುಕೊಂಡೆ. ಅವರು ಬೀಗರನ್ನು ಕರೆದರು.

"ನೋಡಿದ್ರಾ? ನಾನು ಕಂಬ ಕೊಡೋದು ತಡ ಆಗಿದ್ರೆ ತಲೆ ಮೇಲೇ ಬರ್ತಿತ್ತು. ನಮ್ಮ ದೊಡ್ಡವನ ಲೆಕ್ಕ ಇದು!"

ಬೀಗರು ಕೈ ಮುಗಿದರು. ಆಮೇಲೆ ಮನೆಗೆ ಯಾರು ಬಂದರೂ ಮಾವ ಮೇಲೆ ಕರೆದುಕೊಂಡು ಹೋಗಿ ಬಿರುಕು ತೋರಿಸತೊಡಗಿದರು. ಟಾರ್ಚ್ ಹಿಡಿದು, ಬುಡದಿಂದ ತುದಿಯವರೆಗೆ. ಅವನಿದ್ದಾಗ ಅವನ ಕೆಲಸವನ್ನು ಅವರು ಯಾರಿಗೂ ತೋರಿಸಿದವರಲ್ಲ.

ಒಂದು ಮಧ್ಯಾಹ್ನ ಹೊಸ ಸೊಸೆ ನನ್ನ ಕೋಣೆಗೆ ಬಂದಳು. ಒಳ್ಳೆಯ ಹುಡುಗಿ. ಮನೆಯಲ್ಲಿ ಬಾಗಿಲು ತಟ್ಟಿ ಒಳಗೆ ಬರುವವಳು ಅವಳೊಬ್ಬಳೇ. ಕೂರಲು ಜಾಗವಿಲ್ಲದೆ ಪೆಟ್ಟಿಗೆಗೆ ಒರಗಿ ನಿಂತಳು.

"ಅಕ್ಕಾ, ಬಿರುಕು ಉದ್ದ ಆಗ್ತಿದೆ. ತುದೀಲಿ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೆ. ಅದನ್ನ ದಾಟಿದೆ."

"ನಿನ್ನ ಗಂಡ ಏನಂತಾನೆ?"

"ಭಾವನವರ ಲೆಕ್ಕ ತಪ್ಪಿತ್ತು, ಈಗ ಕಂಬ ಇದೆ, ಮುಚ್ಕೊಂಡು ಮಲಗು ಅಂತಾರೆ. ನನಗೆ ನಿದ್ದೆನೇ ಬರ್ತಿಲ್ಲ ಅಕ್ಕಾ. ಮಂಚ ಸರಿಯಾಗಿ ಅದರ ಕೆಳಗಿದೆ. ನೀವು ಓದಿದವರು. ಬೀಳುತ್ತಾ?"

ಬೀಳುವುದಿಲ್ಲ. ಬೆಣೆ ಕಿತ್ತರೆ ಬಿರುಕು ಅಲ್ಲೇ ನಿಲ್ಲುತ್ತದೆ. ಕೀಳದಿದ್ದರೂ ಚಾವಣಿ ನಿಲ್ಲುತ್ತದೆ, ಅಷ್ಟು ಕಬ್ಬಿಣ ಹಾಕಿದ್ದಾನೆ ಅವನು. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಒಂದು ಮಾತು ಸಾಕಾಗಿತ್ತು.

"ಲೆಕ್ಕ ತಪ್ಪಿದವನ ಹೆಂಡತಿ ನಾನು," ಎಂದೆ. "ನನ್ನನ್ನ ಯಾಕೆ ಕೇಳ್ತೀಯಾ?"

"ತಮಾಷೆ ಮಾಡ್ಬೇಡಿ ಅಕ್ಕಾ."

"ಗೊತ್ತಿಲ್ಲಮ್ಮ. ಬಿದ್ದರೂ ಬೀಳಬಹುದು."

ಅವಳು ಬಾಗಿಲು ಎಳೆದುಕೊಂಡು ಹೋದಳು. ನಾನು ತಟ್ಟೆಗೆ ಅನ್ನ ಹಾಕಿಕೊಂಡು ಬಂದು ಕೂತೆ. ಆಗ ಮೇಲೆ ಸದ್ದಾಯಿತು. ಆ ಮಂಚದ ಒಂದು ಕಾಲು ಕುಂಟು, ಎಳೆದರೆ ನೆಲ ಗೀರುತ್ತದೆ. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಅದು ಮೂಲೆಯಿಂದ ಹೊರಟಿತು. ನಡುವೆ ನಿಂತಿತು, ಬಹುಶಃ ಅವಳು ಉಸಿರು ತೆಗೆದುಕೊಂಡಳು. ಮತ್ತೆ ಗೀರುತ್ತಾ ಬಾಗಿಲ ಪಕ್ಕದ ಗೋಡೆಯವರೆಗೆ ಬಂದು ಸುಮ್ಮನಾಯಿತು.

ಮೂಲೆ ಖಾಲಿಯಾಯಿತು. ನಾನು ತಟ್ಟೆ ಮುಂದಕ್ಕೆ ಎಳೆದುಕೊಂಡು, ಎಷ್ಟೋ ದಿನಗಳ ಮೇಲೆ, ಹೊಟ್ಟೆ ತುಂಬ ಉಂಡೆ.